ತುಕ್ಕಿಲ್ಲದ ಪಂಖ

ಭಂಕೂರಿನ ಸೂಗಮ್ಮ ಎಮ್ಮೆಗೆ ನೀರು ಕುಡಿಸಲು ಕಾಗಿಣಾ ಹೊಳೆಗೆ ಬಂದಾಗ ದಂಡೆಯ ನೀರು ಕೆಂಪಗಾಗಿತ್ತು. ದಡಕ್ಕೆಳೆದ ಬೋಟಿನ ಹಿಂದೆ ಒಬ್ಬ ಗಂಡಸು ಏನನ್ನೋ ಉಜ್ಜುತ್ತ ಕೂತಿದ್ದ. ದನ ಕುಡಿಯುವ ನೀರಿಗೆ ಬಣ್ಣ ಕಲಸುತ್ತಿದ್ದಾನೆಂದು ಅವಳು ಚೆನ್ನಾಗಿ ಬೈದಳು.

ಬಣ್ಣವಲ್ಲ, ತುಕ್ಕು ಎಂದ ಅವನು. ಅದು ಕಲ್ಲಿನ ಗುತ್ತೇದಾರನ ಬೋಟು. ನೀರೊಳಗೆ ತಿರುಗಿ ಅದನ್ನು ಮುಂದೆ ನೂಕುವ ಕಬ್ಬಿಣದ ಪಂಖವನ್ನು ತುಕ್ಕು ತಿನ್ನುತ್ತಿತ್ತು. ಮಳೆಗಾಲ ಬರುವುದರೊಳಗೆ ಅದನ್ನು ಸರಿಮಾಡುವ ಕೆಲಸ ಮಿಸ್ತ್ರಿ ಸಾಯಬಣ್ಣನದು. ಮರುದಿನ ಅವನು ಪಂಖವನ್ನು ಬಿಚ್ಚಿಕೊಂಡು ನೀರಿನಿಂದ ದೂರ ಕೂತು ಉಜ್ಜುತ್ತಿದ್ದ.

ಗಂಡ ತೀರಿದ ಮೇಲೆ ಸೂಗಮ್ಮನಿಗೆ ಮಾತಿಗೆ ಜೊತೆ ಇರಲಿಲ್ಲ. ಮನೆಯಲ್ಲಿದ್ದವಳು ಅತ್ತೆ ಗುಂಡಮ್ಮ ಒಬ್ಬಳೇ; ಮಗ ಹೋದಾಗಿನಿಂದ ಅವಳೂ ಮಾತು ಬಿಟ್ಟಂತಿದ್ದಳು. ಎಮ್ಮೆ ನೀರಲ್ಲಿ ಮಲಗಿದಷ್ಟು ಹೊತ್ತು ಸೂಗಮ್ಮ ಕಲ್ಲಿನ ಮೇಲೆ ಕೂತು ಅವನ ಕೆಲಸ ನೋಡತೊಡಗಿದಳು.

ಒಂದು ಸಂಜೆ ನಗು ತಡೆದು ಕೇಳಿದಳು, “ಮಿಸ್ತ್ರಿ, ಪಂಖದ ಈ ಎಲಿ ನಿನ್ನೀನೂ ಉಜ್ಜಿದ್ರಿ, ಮೊನ್ನೀನೂ ಉಜ್ಜಿದ್ರಿ. ಇನ್ನಾ ತುಕ್ಕು ಅದ ಏನ್ರಿ?”

“ಇಲ್ರಿ.”

“ಮತ್ಯಾಕ ಉಜ್ಜಲಿಕತ್ತೀರಿ?”

“ಮುಗೀತಂದ್ರ ಹೋಗಬೇಕಲ್ರಿ.”

ಅವಳು ಸೆರಗು ಸರಿಮಾಡಿಕೊಂಡು ಎಮ್ಮೆಯತ್ತ ನೋಡಿದಳು. ಮರುದಿನ, ಅವನು ಕೇಳದಿದ್ದರೂ, ಬಣ್ಣಕ್ಕೆ ಕಲಸಲು ಮನೆಯ ಅಗಸಿ ಎಣ್ಣೆ ತಂದಳು. ಪಂಖಕ್ಕೆ ಕೆಂಪು ಬಳಿದ ಮೇಲೆ ಅದರ ಬುಡಕ್ಕೆ ಅವನು ಜಸ್ತದ, ಅಂದರೆ ಸತುವಿನ, ತುಂಡು ಬಿಗಿದ. ನೀರು ಮೊದಲು ಜಸ್ತವನ್ನು ತಿನ್ನುತ್ತದೆ, ಕಬ್ಬಿಣ ಉಳಿಯುತ್ತದೆ ಎಂದು ಹೇಳಿದ. ಹೇಳುವಾಗ ಅವನ ಕಣ್ಣು ಜಸ್ತದ ಮೇಲಿರಲಿಲ್ಲ.

ಮಳೆ ಬಿತ್ತು, ಹೊಳೆ ತುಂಬಿತು. ಬೋಟನ್ನು ಭೀಮಾ ನದಿಗೆ ಒಯ್ಯಲು ಹುಕುಂ ಬಂತು. ಗಂಡ ಸತ್ತವಳಿಗೆ ಮರುಮದುವೆ, ಅಂದರೆ ಉಡಿಕಿ, ಅವರ ಮಂದಿಯಲ್ಲಿ ನಡೆಯುತ್ತಿತ್ತು. ಸಾಯಬಣ್ಣ ನೇರವಾಗಿ ಕೇಳಿದ.

“ಉಡಿಕಿ ಮಾಡ್ಕೊಂತೀನಿ. ನನ್ನ ಸಂಗಾಟ ಬರ್ತೀರೇನ್ರಿ?”

“ಅತ್ತೀನ್ನ ಬಿಟ್ಟು ಹ್ಯಾಂಗ ಬರ್ಲಿ?”

“ಅವರೂ ಬರ್ಲಿ.”

“ಮಗ ಸತ್ತ ಮನಿ ಅದು. ಆಕಿ ಬಿಟ್ಟು ಬರಂಗಿಲ್ಲ.”

ಅವನು ಒತ್ತಾಯ ಮಾಡಲಿಲ್ಲ. ಬೋಟು ಹೊಳೆಯ ತಿರುವು ದಾಟಿದ ಮೇಲೂ ಸದ್ದು ಕೇಳುತ್ತಿತ್ತು. ಅದೂ ನಿಂತ ಮೇಲೆ ಸೂಗಮ್ಮ ತೊಯ್ದುಕೊಂಡೇ ಮನೆಗೆ ಬಂದಳು.

ಒಲೆಯ ಮುಂದೆ ಕೂತಿದ್ದ ಗುಂಡಮ್ಮ ಅವಳ ಮುಖ ನೋಡಿ, ಏನಾಯಿತೆಂದು ಕೇಳಿದಳು. ಎಷ್ಟೋ ಕಾಲದ ಮೇಲೆ ಕೇಳಿದ ಪ್ರಶ್ನೆ. ಸೂಗಮ್ಮ ಅಳುತ್ತ ಎಲ್ಲ ಹೇಳಿದಳು.

ಮುದುಕಿ ಉರಿಯುವ ಕಟ್ಟಿಗೆಯನ್ನು ಒಲೆಯಿಂದ ಹಿಂದಕ್ಕೆಳೆದಳು.

“ನನಗೊಂದು ಮಾತು ಕೇಳಬೇಕಿತ್ತವ್ವ,” ಎಂದಳು. “ಈ ಮನ್ಯಾಗ ಇರೋದು ನನಗೂ ಆಗವಲ್ದು. ನಾನೂ ಬರ್ತಿದ್ದೆ.”