ಖಾಲಿ ಪೆಟ್ಟಿಗೆಯ ಚೆಂಡುಹೂವು

ಪೆಟ್ಟಿಗೆ ಮಂಚದ ಮೇಲಿತ್ತು. ಮುಚ್ಚಳ ತೆರೆದಿತ್ತು. ಒಳಗಿನ ಕೆಂಪು ಮಖಮಲ್ಲಿನಲ್ಲಿ ಗಿಟಾರಿನ ಆಕಾರದ ಗುಂಡಿ ಇತ್ತು — ಗಿಟಾರ್ ಇರಲಿಲ್ಲ.

"ಯಾರೂ ಮುಟ್ಟಬ್ಯಾಡ್ರಿ," ಅಂದರು ಬಕ್ಕೇಶಪ್ಪನವರು, ತಾವೇ ಮುಟ್ಟುತ್ತ.

೧೯೯೮ರ ಗಣೇಶನ ಹಬ್ಬ. ಮರುದಿನ ಸಂಜೆ ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಪೆಂಡಾಲಿನಲ್ಲಿ ಬಸವಪ್ರಭುವಿನ ಕಾರ್ಯಕ್ರಮ. ಪ್ರಭು ಅಂದರೆ ಜವಳಿ ವ್ಯಾಪಾರಿ ಬಕ್ಕೇಶಪ್ಪನವರ ಒಬ್ಬನೇ ಮಗ. ಗಜಕಡ್ಡಿ ಹಿಡಿಯಬೇಕಾದ ಕೈಯಲ್ಲಿ ಗಿಟಾರ್ ಹಿಡಿದು ಮನೆ ಬಿಟ್ಟವನು. ರಾಕ್ ತಂಡದ ಜೊತೆ ಊರೂರು ತಿರುಗುವುದು, ನಡುವೆ ಮದರಾಸಿನ ಸ್ಟುಡಿಯೋದವರು ಕರೆದರೆ ಯಾರದೋ ಹಾಡಿಗೆ ನುಡಿಸಿ ಬರುವುದು — ಅವನ ಕಸುಬು ಅದು. ಅಪ್ಪ ಮೊದಲು ಅದನ್ನು 'ಟಿಂಗಿಟಿಂಗಿ' ಎನ್ನುತ್ತಿದ್ದರು. ಮಗನ ಫೋಟೋ ಪೇಪರಿನಲ್ಲಿ ಬಂದ ಮೇಲೆ 'ಸಂಗೀತ' ಅಂದರು. ಆ ವರ್ಷ ತಾವೇ ಪೆಂಡಾಲು ಸಮಿತಿಯ ಅಧ್ಯಕ್ಷರಾದದ್ದೇ 'ಏಕವ್ಯಕ್ತಿ ಗಿಟಾರ್ ವಾದನ' ಅಂತ ಬ್ಯಾನರ್ ಬರೆಸಿದರು. ಹಿಂದೆ ತಬಲ ಇಲ್ಲ, ಕೀಬೋರ್ಡ್ ಇಲ್ಲ, ಟೇಪು ಇಲ್ಲ. ಮಗ ಒಬ್ಬನೇ.

ನಿರೂಪಕ ನಾನು. ಮೈಕು ಸಿಕ್ಕರೆ ಮೈ ಮರೆಯುತ್ತೇನೆಂದು ಊರು ನನ್ನನ್ನು ಮೈಕಣ್ಣ ಎನ್ನುತ್ತದೆ. ಬಿ.ಎ.ಯಲ್ಲಿ ಪಾಠಕ್ಕಿಂತ ಪಾಠ ಮಾಡುವವರ ದನಿಯನ್ನೇ ಚೆನ್ನಾಗಿ ಕಲಿತವನು. ಹರಿಹರ ಬಸ್ಸಿನ ಕಂಡಕ್ಟರು, ಟೇಪು ಸುತ್ತಿಕೊಂಡ ರೆಕಾರ್ಡರು, ಬಕ್ಕೇಶಪ್ಪನವರ ಕೆಮ್ಮು — ಎಲ್ಲ ಬರುತ್ತದೆ. ಆ ಬೆಳಿಗ್ಗೆ ಪ್ರಭುವಿನ ಪರಿಚಯ ಬರೆದುಕೊಳ್ಳಲು ಹೋಗಿದ್ದೆ. ಖಾಲಿ ಪೆಟ್ಟಿಗೆ ನೋಡಿ, "ಗಿಟಾರ್ ಗಿಟ್ಟಲಿಲ್ಲ ಅನ್ನಿ," ಅಂದೆ. ಯಾರೂ ನಗಲಿಲ್ಲ.

ಆ ಬೆಳಿಗ್ಗೆ ನನಗಿಂತ ಮುಂಚೆ ಮನೆಗೆ ಬಂದಿದ್ದ ಹೊರಗಿನವನು ಒಬ್ಬನೇ — ಹರಿಹರದ ಮಾಲತೇಶ್.

ಮಾಲತೇಶ್ ಮತ್ತು ಪ್ರಭು ಹುಡುಗರಿದ್ದಾಗ ಒಂದೇ ಆರ್ಕೆಸ್ಟ್ರಾದಲ್ಲಿ ಒಂದೇ ಗಿಟಾರಿನ ಮೇಲೆ ಕಲಿತವರು. ಪ್ರಭು ಊರು ಬಿಟ್ಟ. ಮಾಲತೇಶ್ ಉಳಿದ, ಹರಿಹರದಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತಾನೆ. ಆ ದಿನ ಬೆಳಿಗ್ಗೆ ತನ್ನ ಹಳೆ ಗಿಟಾರನ್ನು ಬಟ್ಟೆಯ ಚೀಲದಲ್ಲಿ ಬೆನ್ನಿಗೆ ಹಾಕಿಕೊಂಡು ಟಿ.ವಿ.ಎಸ್. ಮೇಲೆ ಬಂದಿದ್ದ. "ನಾಳೆಗೆ ಮುಂಚೆ ಒಂದ್ಸಲ ಕೂಡಿ ನುಡಿಸೋಣ ಬಾ" ಅಂದಿದ್ದನಂತೆ. ಪ್ರಭು ಸ್ನಾನಕ್ಕೆ ಹೋದ. ಮಾಲತೇಶ್ ಆ ಕೋಣೆಯಲ್ಲಿ ಒಬ್ಬನೇ ಕಾದು ಕೂತ. ಕಾದು ಸಾಕಾಗಿ ಎದ್ದು ಹೋದ — ಬೆನ್ನ ಮೇಲೆ ಅದೇ ಉಬ್ಬಿದ ಚೀಲ.

ಚೀಲದಲ್ಲಿದ್ದದ್ದು ಯಾವ ಗಿಟಾರು?

ಬಕ್ಕೇಶಪ್ಪನವರು ಈ ಪ್ರಶ್ನೆಯನ್ನು ನೇರ ಠಾಣೆಗೆ ಫೋನು ಮಾಡಿ ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಹರಿಹರದಲ್ಲಿದ್ದರು. ಮಾಲತೇಶನ ಗಾದಿ ಬಿಚ್ಚಿದರು, ಟ್ರಂಕು ತೆಗೆಸಿದರು, ಅವನ ತಾಯಿ ದುರುಗಮ್ಮನ ಅಕ್ಕಿ ಡಬ್ಬಿಯನ್ನೂ ನೆಲಕ್ಕೆ ಸುರುವಿದರು. ಸಿಕ್ಕದ್ದು ಅವನದೇ ಹಳೆ ಗಿಟಾರು. ಬೇರೇನೂ ಇಲ್ಲ. ಆದರೆ ಓಣಿ ಪೂರ್ತಿ ಬಾಗಿಲಲ್ಲಿ ನಿಂತು ನೋಡಿತ್ತು. ಸಂಜೆ ಒಂದು ಮಗುವೂ ಕ್ಲಾಸಿಗೆ ಬರಲಿಲ್ಲ. ಮನೆಯಲ್ಲಿ ಹಬ್ಬ ಅಂತ ಹೇಳಿ ಕಳಿಸಿದರಂತೆ, ಎಲ್ಲರ ಮನೆಯಲ್ಲೂ.

ಮರುದಿನ ಬೆಳಿಗ್ಗೆ ಮಾಲತೇಶ್ ನಾವು ದಿನಾ ಕೂರುವ ಟೀ ಅಂಗಡಿಗೆ ಬಂದ. ನನ್ನತ್ತ ನೋಡಲಿಲ್ಲ, ನನ್ನ ಪಕ್ಕದಲ್ಲಿ ಕೂತಿದ್ದ ಶಬ್ಬೀರನ ಎದುರು ನಿಂತ.

ಶಬ್ಬೀರ್ ಪೊಲೀಸಿನವನಲ್ಲ, ವಿಮೆಯ ಸರ್ವೇಯರ್. ಅಂಗಡಿಗೆ ಬೆಂಕಿ ಬಿದ್ದರೆ, ಲಾರಿ ಮಗುಚಿದರೆ ಹೋಗಿ ನೋಡಿ, ಆದದ್ದೇನು, ಆಯಿತೆಂದು ಹೇಳುವುದೇನು ಅಂತ ಬೇರೆ ಬೇರೆ ಮಾಡಿ ಬರೆಯುವವನು. ನಾನು ಮಾತಾಡಿ ಹೊಟ್ಟೆ ಹೊರೆಯುತ್ತೇನೆ, ಅವನು ಮಾತಾಡದೆ.

"ನಾನು ತಗಂಡಿಲ್ಲ ಅಂತ ನಿನಗ ಹೇಳಾಕ ಬಂದಿಲ್ಲ," ಅಂದ ಮಾಲತೇಶ್. "ಯಾರು ತಗಂಡ್ರು ಅಂತ ಹೇಳು. ಸಿಗಲಿಲ್ಲ ಅಂದ್ರ ನಾನು ಸಾಯೋ ತನಕ ಸಿಕ್ಕಿಬೀಳದ ಕಳ್ಳ."

ಶಬ್ಬೀರ್ ಟೀ ಅರ್ಧಕ್ಕೇ ಬಿಟ್ಟು ಎದ್ದ.

ಬಕ್ಕೇಶಪ್ಪನವರ ಮನೆಯಲ್ಲಿ ಪೆಟ್ಟಿಗೆ ಹಾಗೇ ಇತ್ತು. ಶಬ್ಬೀರ್ ಮಂಚದ ಮುಂದೆ ಮಂಡಿಯೂರಿ ಕೂತ. ಮಖಮಲ್ಲಿನ ಮೂಲೆಯಲ್ಲಿ ಚಪ್ಪಟೆಯಾಗಿ ಒಣಗಿದ ಒಂದು ಚೆಂಡುಹೂವು, ಒಂದಿಷ್ಟು ಬೂದಿಯ ಪುಡಿ. ಹಿಂದಿನ ದಿನ ನಾವೆಲ್ಲ ನೋಡಿದ್ದೆವು. ಅವನು ಮಾತ್ರ ಹೂವನ್ನು ಕರವಸ್ತ್ರದ ಮೇಲೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ.

"ಅದು ನಾನೇ ಇಟ್ಟಿದ್ದು, ತಮ್ಮಾ," ಅಂದರು ಪ್ರಭುವಿನ ತಾಯಿ ಸರ್ವಮಂಗಳಮ್ಮ. ಹೋದ ವರ್ಷ ಮಗ ಆಯುಧಪೂಜೆಗೆ ಬಂದಿದ್ದನಂತೆ. ಅಂಗಡಿಯ ಕತ್ತರಿ, ಗಜಕಡ್ಡಿಗಳ ಸಾಲಿನಲ್ಲಿ ಗಿಟಾರನ್ನೂ ಇಟ್ಟು, ತಂತಿಗಳ ಮೇಲೆ ಅಡ್ಡಡ್ಡ ವಿಭೂತಿ ಎಳೆದು, ಹೂವಿಟ್ಟು, ತಾವೇ ಮುಚ್ಚಳ ಹಾಕಿದರಂತೆ. "ಅದೂ ಅನ್ನ ಕೊಡೋ ಸಾಮಾನೇ ಅಲ್ಲೇನು?"

ಹೂವಿಗೂ ಊರೂರು ತಿರುಗೋ ಯೋಗ ಬಂತಲ್ಲ ಅಂದೆ ನಾನು. ಶಬ್ಬೀರ್ ನನ್ನನ್ನು ದಿಟ್ಟಿಸಿ ನೋಡಿದ — ಸರಿಯಾದ ಮಾತನ್ನು ತಪ್ಪು ಜಾಗದಲ್ಲಿ ಆಡಿದವನನ್ನು ನೋಡುವ ಹಾಗೆ. ಆಮೇಲೆ ಬಾಗಿಲಿಗೆ ಒರಗಿ ನಿಂತಿದ್ದ ಪ್ರಭುವಿನ ಕಡೆ ತಿರುಗಿದ.

"ಬೇರೆ ಗಿಟಾರ್ ಐತೇನು ನಿನ್ನ ಹತ್ರ?"

"ಇಲ್ಲ. ಎಲ್ಲಾ ಕಡೆ ಇದೇ."

"ಹೋದ ತಿಂಗಳು ಮದರಾಸಿನಾಗ ರೆಕಾರ್ಡಿಂಗ್ ಇತ್ತು ಅಂತ ನಿಮ್ಮಪ್ಪಾರು ಹೇಳ್ತಿದ್ರು?"

"ಹೌದು. ಇದರಾಗೇ ನುಡಿಸಿದೆ."

"ದಿನಾ ನುಡಿಸ್ತೀಯಾ?"

"ದಿನಾ."

"ಸಮಿತಿಯೋರು ಬೇರೆ ಗಿಟಾರ್ ತರಿಸ್ತೀವಿ ಅಂದ್ರೆ ಬ್ಯಾಡ ಅಂದ್ಯಂತೆ — ಯಾಕ?"

"ನನ್ನ ಕೈಗೆ ಬೇರೇದು ಒಗ್ಗಲ್ಲ."

ಶಬ್ಬೀರ್ ತಲೆಯಾಡಿಸಿದ. ನಿನ್ನೆಯಿಂದ ಪ್ರಭು ಎಲ್ಲಾದರೂ ಹೊರಗೆ ಹೋಗಿದ್ದನೇ ಅಂತ ತಾಯಿಯನ್ನು ಕೇಳಿದ. ಇಲ್ಲ, ಹೊಸ್ತಿಲು ದಾಟಿಲ್ಲ ಅಂದರು ಆಕೆ. ಹಾಗಾದರೆ ಅಷ್ಟು ದೊಡ್ಡ ಸಾಮಾನು ಅಡಗುವ ಜಾಗ, ಅಟ್ಟ ಒಂದನ್ನು ನೋಡಬೇಕು ಅಂದ ಶಬ್ಬೀರ್.

ಬಕ್ಕೇಶಪ್ಪನವರ ಕೆಮ್ಮು ಶುರುವಾಯಿತು. "ಕಳಕೊಂಡೋರ ಮನೆ ಹುಡುಕ್ತೀರೇನ್ರಿ?"

"ನನ್ನ ಕೆಲಸದಾಗ ಮೊದಲು ಹುಡುಕೋದೇ ಕಳಕೊಂಡೋರ ಮನೆ, ಸಾಹುಕಾರ್ರೇ. ದುರುಗಮ್ಮನ ಮನ್ಯಾಗ ಅಕ್ಕಿ ಡಬ್ಬಿ ಬಿಟ್ಟಿಲ್ಲ. ಇಲ್ಲಿ ಅಟ್ಟ ಒಂದು."

ಏಣಿ ಹತ್ತಿದ್ದು ನಾನು. ನೆಂಟರು ಬಂದರೆ ಹಾಸುವ ಗಾದಿಗಳನ್ನು ಸುತ್ತಿ ಇಟ್ಟಿದ್ದರು. ಎರಡನೆಯದು ಗಾದಿಗಿಂತ ಭಾರವಾಗಿತ್ತು. ಒಳಗೆ ಕೈ ಹಾಕಿದೆ — ತಣ್ಣಗಿನ ತಂತಿ ತಾಕಿತು. ಕಪ್ಪು ಬಣ್ಣದ, ಹೊಳಪಿನ ಎಲೆಕ್ಟ್ರಿಕ್ ಗಿಟಾರು. ಅದನ್ನು ಎದೆಗವಚಿಕೊಂಡು ಇಳಿದೆ.

"ಆ ಮಾಲತೇಶನೇ ಇಲ್ಲಿ ಬಚ್ಚಿಟ್ಟು ಹೋಗ್ಯಾನೆ," ಅಂದರು ಬಕ್ಕೇಶಪ್ಪನವರು. "ಆಮೇಲೆ ಬಂದು ಒಯ್ಯಬೇಕು ಅಂತ."

"ಏಣಿ ಎಲ್ಲಿತ್ತು?" ಶಬ್ಬೀರ್ ಕೇಳಿದ.

ಏಣಿ ಅಡಿಗೆಮನೆಯ ಒಳಗಿನ ಕೋಣೆಯಲ್ಲಿತ್ತು. ಅಲ್ಲಿಗೆ ಮನೆಯವರಲ್ಲದೆ ಬೇರೆಯವರು ಹೋಗುವುದಿಲ್ಲವೆಂದು ಹೇಳಬೇಕಾದವರು ಸರ್ವಮಂಗಳಮ್ಮ. ಅವರು ಮಗನ ಮುಖ ನೋಡುತ್ತಿದ್ದರು.

ಶಬ್ಬೀರ್ ಕರವಸ್ತ್ರ ಬಿಚ್ಚಿ ಹೂವನ್ನು ಟೀಪಾಯಿಯ ಮೇಲಿಟ್ಟ.

"ಇದರ ಮ್ಯಾಲೆ ಗೀರು ಅದಾವೆ, ನೋಡ್ರಿ. ಎಸಳಿನ ಗೆರೆ ಅಂದ್ಕಂಡು ಎಲ್ರೂ ಬಿಟ್ವಿ. ಎಸಳು ಅತ್ಲಾಗ, ಗೀರು ಇತ್ಲಾಗ. ಸಾಲಾಗಿ, ಒಂದೇ ಅಂತರದಾಗ."

ಅವನು ಹೂವನ್ನು ಗಿಟಾರಿನ ತಂತಿಗಳ ಮೇಲೆ ಮೆಲ್ಲಗೆ ಇಟ್ಟ. ಗೀರುಗಳು ತಂತಿಗಳ ಮೇಲೆ ಕೂತವು.

"ಹೂವು ಹಸಿ ಇದ್ದಾಗ ತಂತಿಗೂ ಮುಚ್ಚಳಕ್ಕೂ ನಡುವೆ ಸಿಕ್ಕು, ಅಲ್ಲೇ ಒಣಗ್ಯಾದೆ. ಒಣಗಿದ ಮ್ಯಾಲೆ ಒತ್ತಿದ್ರೆ ಪುಡಿ ಆಗ್ತೈತೆ, ಗೀರು ಬೀಳಲ್ಲ. ಅಂದ್ರೆ ಅಮ್ಮಾರು ಮುಚ್ಚಳ ಹಾಕಿದ ಮ್ಯಾಲೆ ಈ ಗಿಟಾರನ್ನ ಯಾರೂ ಹೊರಗ ತೆಗೆದಿಲ್ಲ — ನಿನ್ನೆ ತನಕ." ತಂತಿ ತೋರಿಸಿದ. ತುಕ್ಕು. ತುಕ್ಕಿನ ಮೇಲೆ ಇನ್ನೂ ಅಂಟಿದ್ದ ವಿಭೂತಿಯ ಪಟ್ಟಿ. "ನಮ್ಮ ಬಜಾಜಿಗೂ ಗ್ಯಾರೇಜಿನ ಗೌಸ್ ಪೀರ್ ಆಯುಧಪೂಜೆಗೆ ಹೂ ಕಟ್ಟಿ ಕಳಿಸ್ತಾನೆ. ಹರಿಹರ ಮುಟ್ಟೋದ್ರಾಗ ಒಂದೂ ಇರಲ್ಲ. ಓಡೋ ಗಾಡಿ ಮ್ಯಾಲೆ ಹೂ ನಿಲ್ಲಲ್ಲ. ನಿಂತೈತೆ ಅಂದ್ರೆ ಗಾಡಿ ಓಡಿಲ್ಲ."

ಆಮೇಲೆ ಬಹಳ ಮೆತ್ತಗೆ ಕೇಳಿದ: "ನುಡಿಸೋದು ಬಿಟ್ಟು ವರ್ಷ ಆತೇನು, ಪ್ರಭು?"

ಪ್ರಭು ನೆಲದ ಮೇಲೆ ಕೂತುಬಿಟ್ಟ. ಹೇಳಿದ್ದನ್ನು ಗೋಡೆಗೆ ಹೇಳಿದ. ಸ್ಟುಡಿಯೋದವರು ಕರೆಯುವುದು ನಿಂತಿತ್ತು. ಗಿಟಾರಿನ ದನಿಯನ್ನೂ ಈಗ ಕೀಬೋರ್ಡಿನಿಂದಲೇ ತೆಗೆಯುತ್ತಾರೆ. ತಂಡ ಒಡೆಯಿತು. ಆಮೇಲೆ ದೊಡ್ಡ ಗಾಯಕರ ಪ್ರವಾಸದ ತಂಡದಲ್ಲಿ ಕೆಲಸ ಸಿಕ್ಕಿತು. ಸಂಗೀತವೆಲ್ಲ ಟೇಪಿನಲ್ಲಿ. ವೇದಿಕೆ ತುಂಬಿ ಕಾಣಲೆಂದು ಹಿಂದೆ ನಾಲ್ಕು ಜನ ಬೇಕು. ಕಂಪನಿಯವರೇ ಒಂದು ಕೆಂಪು ಗಿಟಾರ್ ಕೊಡುತ್ತಿದ್ದರು, ಅದರ ವಯರು ಎಲ್ಲಿಗೂ ಹೋಗುತ್ತಿರಲಿಲ್ಲ. ತಲೆ ಕುಣಿಸಬೇಕು, ಬೆರಳಾಡಿಸಬೇಕು. ಪೇಪರಿನಲ್ಲಿ ಬಂದ ಫೋಟೋ ಅದರದ್ದೇ. ಈ ಪೆಟ್ಟಿಗೆಯನ್ನು ಹೊತ್ತು ತಿರುಗಿದ, ತೆರೆಯಲು ಮನಸ್ಸಾಗಲಿಲ್ಲ.

ಬೇರೆಯವರ ದನಿ ತೆಗೆದು ಬದುಕುವವನು ನಾನು. ಆದರೆ ನಾನು ಮಾಡುವುದು ಅನುಕರಣೆ ಅಂತ ಜನಕ್ಕೆ ಗೊತ್ತಿರುತ್ತದೆ. ಅವನ ಮುಖ ನೋಡಲು ನನ್ನಿಂದಾಗಲಿಲ್ಲ.

ಮಾಲತೇಶ್ 'ಕೂಡಿ ನುಡಿಸೋಣ' ಅಂದಾಗ ಪ್ರಭು ಸ್ನಾನದ ನೆಪ ಹೇಳಿ ಎದ್ದನಂತೆ. ಬಚ್ಚಲಲ್ಲಿ ನಲ್ಲಿ ಬಿಟ್ಟು, ಮೈಮೇಲೆ ನೀರು ಹಾಕಿಕೊಳ್ಳದೆ, ಅವನು ಹೋಗುವ ತನಕ ಕೂತಿದ್ದ. ತಾಯಿ ದೇವರಮನೆಯಲ್ಲಿದ್ದಾಗ ಗಿಟಾರ್ ಅಟ್ಟಕ್ಕೇರಿತು. ಕಾರ್ಯಕ್ರಮ ನಿಂತರೆ ಸಾಕಿತ್ತು. ಮಾಲತೇಶನ ಹೆಸರು ಬರುತ್ತದೆ ಅಂದುಕೊಂಡಿರಲಿಲ್ಲ.

"ಬಂದ ಮ್ಯಾಲೆ?"

"ಒಂದು ಹೇಳಿದ್ರೆ ಎಲ್ಲಾ ಹೇಳಬೇಕಾಗ್ತಿತ್ತು."

ಬಕ್ಕೇಶಪ್ಪನವರು ಎದ್ದು ಬೀದಿ ಬಾಗಿಲು ಮುಚ್ಚಿದರು. ಗಿಟಾರ್ ಸಿಕ್ಕಿತು ಅಂತ ಠಾಣೆಗೆ ಫೋನು ಮಾಡಿದರಾಯಿತು, ಮನೆ ಮಾತು ಮನೆಯಲ್ಲಿರಲಿ ಅಂದರು. ಅವರಿಗೆ ಎದುರು ಮಾತಾಡಿದ್ದನ್ನು ನಾನು ಕಂಡಿರದ ಸರ್ವಮಂಗಳಮ್ಮ ಆ ಬಾಗಿಲನ್ನು ಮತ್ತೆ ತೆರೆದರು.

"ಆ ತಾಯಿ ಮನೆ ಬಾಗಿಲು ತೆಗೆಸೇ ಹುಡುಕಿಸಿದ್ರಿ. ಗಾಡಿ ತೆಗೀರಿ."

ಹರಿಹರದ ಓಣಿಯಲ್ಲಿ ಅಂಬಾಸಿಡರ್ ಹಿಡಿಸಲಿಲ್ಲ. ಓಣಿಯ ಬಾಯಲ್ಲೇ ಇಳಿದು ನಡೆದೆವು — ಅಪ್ಪ, ಅಮ್ಮ, ಗಿಟಾರ್ ಹಿಡಿದ ಮಗ, ಶಬ್ಬೀರ್, ನಾನು. ಒಂದೊಂದೇ ಬಾಗಿಲಲ್ಲಿ ಜನ. ದುರುಗಮ್ಮ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿಯೊಳಗಿನ ಮಣ್ಣು ಆರಿಸುತ್ತಿದ್ದಳು. ಬಕ್ಕೇಶಪ್ಪನವರು ಒಳಗೆ ಕೂತು ಮಾತಾಡೋಣ ಅಂದರು.

"ಒಳಗ ಬ್ಯಾಡ್ರಿ," ಅಂದಳು ಆಕೆ ತಲೆ ಎತ್ತದೆ. "ನಿನ್ನೆ ಇಲ್ಲಿ ನಿಂತು ನೋಡಿದ ಮಂದಿ ಎಲ್ಲಾ ಇಲ್ಲೇ ಅದಾರೆ. ಇಲ್ಲೇ ಹೇಳ್ರಿ."

ಪ್ರಭು ಏನೋ ಅಂದ. ನನಗೇ ಕೇಳಿಸಲಿಲ್ಲ.

"ಕೇಳ್ಸಲಿಲ್ಲಪ್ಪ."

ಬಕ್ಕೇಶಪ್ಪನವರು ನನ್ನ ಮೊಳಕೈ ಹಿಡಿದರು. "ಮೈಕಣ್ಣ, ನೀವು ಹೇಳಿಬಿಡ್ರಿ. ನಿಮ್ಮ ದನಿ ದೊಡ್ಡದು."

ನಾನು ಗಂಟಲು ಸರಿ ಮಾಡಿಕೊಂಡೂ ಬಿಟ್ಟಿದ್ದೆ. ಶಬ್ಬೀರ್ ಅಡ್ಡ ಬಂದ.

"ಇದಕ್ಕೂ ಟೇಪು ಬ್ಯಾಡ, ಸಾಹುಕಾರ್ರೇ."

ಪ್ರಭು ಮುಖ ಎತ್ತಿದ.

"ಗಿಟಾರ್ ಯಾರೂ ಕದ್ದಿಲ್ಲ. ನಾನೇ ಬಚ್ಚಿಟ್ಟಿದ್ದೆ. ನನಗೆ ನುಡಿಸಾಕ ಬರಲ್ಲ ಈಗ. ಅದು ಗೊತ್ತಾಗಬಾರ್ದು ಅಂತ ಕಳವಿನ ಮಾತು ಮಾಲತೇಶನ ಮ್ಯಾಲೆ ಬರಾಕ ಬಿಟ್ಟೆ."

ಬಕ್ಕೇಶಪ್ಪನವರು ಚಪ್ಪಲಿ ನೋಡುತ್ತಿದ್ದರು. ಎದುರು ಮನೆಯ ಹೆಂಗಸು, ನಿನ್ನೆ ಮಗಳನ್ನು ಕ್ಲಾಸಿಗೆ ಕಳಿಸದೆ ಇದ್ದವಳು, ಮೆಲ್ಲಗೆ ಒಳಗೆ ಸರಿದಳು. ದುರುಗಮ್ಮ ಮೊರ ಕೊಡವಿ ಒಂದು ಕಲ್ಲನ್ನು ಓಣಿಗೆ ಎಸೆದಳು.

ಮಾಲತೇಶ್ ಹೊರಗೆ ಬಂದ. ಗಿಟಾರ್ ಇಸಿದುಕೊಂಡ. ವಿಭೂತಿಯನ್ನು ಹೆಬ್ಬೆರಳಿನಿಂದ ಒರೆಸಿದ, ತನ್ನ ಹಣೆಗೇ ಸ್ವಲ್ಪ ಹಚ್ಚಿಕೊಂಡ. ಗಿಟಾರಿನ ಕಿವಿ ಹಿಂಡಿ ಶ್ರುತಿ ಮಾಡಹೊರಟ. ತುಕ್ಕು ಹಿಡಿದ ತಂತಿಯೊಂದು ಪಟ್ಟೆಂದು ಹರಿಯಿತು. ಅದನ್ನು ಹಾಗೇ ಪ್ರಭುವಿನ ಕೈಗೆ ವಾಪಸು ಕೊಟ್ಟ.

"ಹೊಸ ತಂತಿ ಹಾಕ್ಕಂಡು ನಾಳೆ ಸಂಜೆ ಬಾ," ಅಂದ. "ಕ್ಲಾಸಿಗೆ ಹುಡುಗ್ರು ಬಂದ್ರೆ, ಅವರ ಹಿಂದೆ ಕುಂದ್ರು."