ಅವ್ವನಿಗೆ ಪಟ್ಟಣ ತೋರಿಸಿದ ದಿನ

"ಅವ್ವ ಕರೀತಾವ್ಳೆ. ಬೇಗ ಬಾ."

ಮಗ್ಗದ ಮುಂದೆ ಬಗ್ಗಿ ಕೂತಿದ್ದ ಸಪ್ಪಲಮ್ಮ ತಲೆ ಎತ್ತಿದಳು. ಬಾಗಿಲಲ್ಲಿ ಸೈಕಲ್ ಹಿಡಿದು ನಿಂತಿದ್ದವನು ಗಂಗಣ್ಣ, ಅವಳಿಗೆ ಕೆಲಸ ಕಲಿಸಿದ ಮುನಿವೆಂಕಟಮ್ಮನ ಒಬ್ಬನೇ ಮಗ. ಸಪ್ಪಲಮ್ಮನ ಹತ್ತು ಬೆರಳಿಗೂ ಬೂದಿ, ಮೂಗಿನ ತುದಿಗೂ ಬೂದಿ.

ಅವನು ಒಂದು ಕ್ಷಣ ನೋಡಿದ. ತಟ್ಟನೆ ಮುಖ ತಿರುಗಿಸಿಕೊಂಡ.

'ನನ್ನ ಮುಖ ನೋಡೋಕೂ ಆಗ್ಲಿಲ್ವಾ ಇವರಿಗೆ...'

ಆ ಒಂದು ಕ್ಷಣ ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಅವನು ಮುಖ ತಿರುಗಿಸಿದ್ದು ಅಳು ಬಂದಿದ್ದಕ್ಕೆ ಎಂದು ಅವಳಿಗೆ ಯಾರು ಹೇಳಬೇಕು?

ಇದು ಸಾವಿರದ ಒಂಬೈನೂರ ಅರವತ್ತೆಂಟರ ದೊಡ್ಡಬಳ್ಳಾಪುರ. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದಕ್ಕೆ ಹೂಡಿದ ಎಳೆಗಳೆಲ್ಲ, ನೇಯ್ದು ಮುಗಿದರೆ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಹೊಸೆದು ಸೇರಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ರೇಷ್ಮೆ ಜಾರದ ಹಾಗೆ ಬೆರಳಿಗೆ ಜರಡಿ ಹಿಡಿದ ಬೂದಿ ಮೆತ್ತಿಕೊಳ್ಳಬೇಕು. ಒಂದು ಸೀರೆ ಹಾಸಿಗೆ ಸಾವಿರಾರು ಎಳೆ.

ಆ ಊರಿನಲ್ಲಿ ಮುನಿವೆಂಕಟಮ್ಮನ ಹಾಗೆ ಕೆಚ್ಚುವವರು ಇರಲಿಲ್ಲ. ಅವಳು ಸೇರಿಸಿದ ಎಳೆಯನ್ನು ಎರಡು ಎತ್ತು ಎಳೆದರೂ ಬಿಚ್ಚುವುದಿಲ್ಲ ಎಂದು ಜನ ಹೇಳುತ್ತಿದ್ದರು. ಎತ್ತಿನ ಯಜಮಾನ ಒಪ್ಪದ ಕಾರಣ ಇದನ್ನು ಪರೀಕ್ಷೆ ಮಾಡಿ ನೋಡಲಾಗಲಿಲ್ಲ.

ಈಗ ಆ ಬೆರಳುಗಳು ಚಾಪೆಯ ಮೇಲೆ ಸುಮ್ಮನೆ ಮಲಗಿದ್ದವು. ಮುನಿವೆಂಕಟಮ್ಮ ಮಗನ ಕೈ ಹಿಡಿದು ಸಪ್ಪಲಮ್ಮನ ಕೈಮೇಲೆ ಇಟ್ಟಳು.

"ಇವಳನ್ನ ಕಟ್ಕೊ."

"ಆಯ್ತವ್ವ."

"ನನ್ನ ಬೂದಿನ ಶ್ರೀರಂಗಪಟ್ಟಣದ ಸಂಗಮಕ್ಕೆ ಬಿಡು. ಸುತ್ತ ಹೊಳೆ, ನಡುವೆ ಊರಂತೆ. ನಾನು ನೋಡ್ಲೇ ಇಲ್ಲ. ನೀರಿಗೆ ಬಿಡೋಕೆ ಮುಂಚೆ ಒಂದಿನ ಊರೆಲ್ಲ ತೋರ್ಸು."

"ಆಯ್ತವ್ವ."

"ಬಸ್ಸಲ್ಲಿ ಬ್ಯಾಡ ಕಣಪ್ಪ. ವಾಂತಿ ಬರ್ತದೆ."

ಅವಳು ಜೀವಮಾನದಲ್ಲಿ ಕೂತದ್ದು ಮಗನ ಸೈಕಲ್ ಕ್ಯಾರಿಯರ್ ಮೇಲೆ ಮಾತ್ರ. ಸತ್ತ ಮೇಲೂ ಬಸ್ಸಿನ ಮೇಲೆ ನಂಬಿಕೆ ಬರುವ ಹಾಗೆ ಕಾಣಲಿಲ್ಲ.

ಸಾವಾದ ಮನೆಯಲ್ಲಿ ವರ್ಷದೊಳಗೆ ಮದುವೆ ಮಾಡಬೇಕು, ತಪ್ಪಿದರೆ ಮೂರು ವರ್ಷ ಕಾಯಬೇಕು ಎಂದರು ಹಿರಿಯರು. ಎರಡನೇ ತಿಂಗಳಿಗೇ ತಾಳಿ ಬಿತ್ತು. ವಾಲಗದ ಗದ್ದಲದಲ್ಲಿ ಗಂಗಣ್ಣ ಯಾರಿಗೋ ಹೇಳುತ್ತಿದ್ದದ್ದು ಸಪ್ಪಲಮ್ಮನ ಕಿವಿಗೆ ಬಿತ್ತು.

"ಅವ್ವನ ಮಾತು, ಮೀರೋಕಾಯ್ತದಾ..."

ಅಷ್ಟು ಸಾಕಾಯಿತು.

ನಾಲ್ಕು ತಿಂಗಳ ಸಂಸಾರದಲ್ಲಿ ಅವನು ಆಡಿದ ಅತಿ ದೊಡ್ಡ ಮಾತು "ಸಾರಿಗೆ ಉಪ್ಪು ಕಮ್ಮಿ ಆಗೈತೆ, ಪರ್ವಾಗಿಲ್ಲ" ಎಂಬುದು. ಅವಳು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು, ಅವನು ಬಾಗಿಲ ಕಡೆ. ನಡುವೆ ಗೂಡಿನಲ್ಲಿ ಹಾಲಿನ ಪುಡಿಯ ಎರಡು ಹಳೇ ಡಬ್ಬಗಳು. ಎಡಗಡೆಯದರಲ್ಲಿ ಅವಳ ಕೆಚ್ಚಿನ ಬೂದಿ, ಬಲಗಡೆಯದರಲ್ಲಿ ಮುನಿವೆಂಕಟಮ್ಮ.

ಒಂದು ದಿನ ಸಪ್ಪಲಮ್ಮನೇ ಬಾಯಿಬಿಟ್ಟಳು.

"ಅತ್ತೇನ ಸಂಗಮಕ್ಕೆ ಬಿಟ್ಮೇಲೆ ಮಂಡ್ಯದಲ್ಲಿ ನನ್ನ ಇಳಿಸ್ಬಿಡಿ. ಭಾಗ್ಯಮ್ಮ ಚಿಕ್ಕಮ್ಮನ ಮನೇಲಿ ಇದ್ಬಿಡ್ತೀನಿ."

'ಬೇಡ ಅನ್ನಿ... ಒಂದೇ ಒಂದ್ಸಲ ಬೇಡ ಅನ್ನಿ.'

ಗಂಗಣ್ಣ ಮೂಲೆಯಲ್ಲಿದ್ದ ಸೈಕಲ್ ಪಂಪು ಕೈಗೆತ್ತಿಕೊಂಡ.

"ನಿನ್ನಿಷ್ಟ."

ಅಷ್ಟು ಹೇಳಿ ಹೊರಗೆ ಹೋದವನು, ಗಾಳಿ ತುಂಬಿದ್ದ ಟೈರಿಗೇ ಪಂಪು ಹೊಡೆಯುತ್ತಾ ನಿಂತ. ಸ್ವಲ್ಪ ಹೊತ್ತಿಗೆ ಟೈರು ಢಂ ಎಂದಿತು. ಒಳಗೆ ಸಪ್ಪಲಮ್ಮ ಬೆಚ್ಚಿದಳು. ಆ ಸದ್ದಿನ ಅರ್ಥ ಮಾತ್ರ ಅವಳಿಗೆ ಆಗಲಿಲ್ಲ.

ಕ್ಯಾರಿಯರ್ ಮೇಲೆ ಸಪ್ಪಲಮ್ಮ, ಅವಳ ಮಡಿಲಲ್ಲಿ ಡಬ್ಬ. ನೆಲಮಂಗಲ, ಮಾಗಡಿ, ಚನ್ನಪಟ್ಟಣ, ಮದ್ದೂರು. ನಾಲ್ಕು ದಿನದ ದಾರಿಯಲ್ಲಿ ಅವಳು ಅವನ ಸೊಂಟ ಹಿಡಿಯಲಿಲ್ಲ, ಸೀಟಿನ ಕೆಳಗಿನ ಸ್ಪ್ರಿಂಗ್ ಹಿಡಿದಿದ್ದಳು. ಅವಳ ಬೆರಳಲ್ಲಿ ಸ್ಪ್ರಿಂಗಿನ ಸುತ್ತುಗಳು ಎಣಿಸುವ ಹಾಗೆ ಮೂಡಿದ್ದವು. ಮಂಡ್ಯ ದಾಟುವಾಗ ಚಿಕ್ಕಮ್ಮನ ಬೀದಿ ಕಂಡಿತು. ಇಬ್ಬರೂ ಕಾಣದವರಂತೆ ಮುಂದೆ ಹೋದರು.

'ವಾಪಸ್ ಬರೋವಾಗ ಇಲ್ಲೇ ಇಳೀಬೇಕು. ನಾಳೆ.'

ಐದನೇ ದಿನ ಬೆಳಿಗ್ಗೆ ಸೇತುವೆ ದಾಟಿ ಪಟ್ಟಣಕ್ಕೆ ಬಂದರು. ಕೋಟೆ ಬಾಗಿಲಲ್ಲಿ ಹನುಮಂತರಾಯಪ್ಪ ಎಂಬ ಮುದುಕ ಗೈಡು ಇವರನ್ನು ಹಿಡಿದುಕೊಂಡ.

"ಎಷ್ಟು ಜನ?"

"ಮೂರು," ಎಂದಳು ಸಪ್ಪಲಮ್ಮ.

ಗೈಡು ಹಿಂದೆ ಮುಂದೆ ನೋಡಿದ. "ಇನ್ನೊಬ್ಬರೆಲ್ಲಿ?"

"ನಮ್ಮತ್ತೆ." ಡಬ್ಬ ತೋರಿಸಿದಳು. "ಊರು ನೋಡ್ಬೇಕು ಅಂದಿದ್ರು."

ಹನುಮಂತರಾಯಪ್ಪ ಒಂದು ಗಳಿಗೆ ಯೋಚಿಸಿ ಟೋಪಿ ತೆಗೆದ. "ವಯಸ್ಸಾದವರಾ?"

"ಅರವತ್ತು."

"ಸರಿ, ಸ್ವಲ್ಪ ಜೋರಾಗೇ ಹೇಳ್ತೀನಿ."

ಅಲ್ಲಿಂದ ಅವನು ಪ್ರತಿಯೊಂದನ್ನೂ ಡಬ್ಬದ ಕಡೆ ಬಗ್ಗಿ ಕೂಗಿ ಹೇಳಿದ. ಸೆರೆಮನೆಯ ಮೆಟ್ಟಿಲ ಹತ್ತಿರ "ಹುಷಾರಮ್ಮ, ಜಾರ್ತದೆ" ಎಂದು ಎಚ್ಚರಿಕೆಯನ್ನೂ ಕೊಟ್ಟ.

ವಿಚಿತ್ರವೆಂದರೆ ಆ ದಿನ ಗಂಗಣ್ಣನಿಗೂ ಮಾತು ಬಂದುಬಿಟ್ಟಿತ್ತು. ಡಬ್ಬ ಈಸಿಕೊಂಡು ಎದೆಗೆ ಒತ್ತಿ ಹಿಡಿದು ಅದರ ಜೊತೆ ಮೆಲ್ಲಗೆ ಮಾತಾಡುತ್ತಿದ್ದ.

"ನೋಡು, ಹೊಳೆ ಇಲ್ಲೇ ಎರಡಾಗಿ ಒಡೀತದಂತೆ. ಆಮೇಲೆ ಊರು ದಾಟಿ ಮತ್ತೆ ಸೇರ್ತದಂತೆ..."

"ಈ ಗೋಡೆ ಚಿತ್ರ ನೋಡು. ಎಷ್ಟು ಕುದುರೆ! ನಿಂಗೆ ಇಷ್ಟ ಅಲ್ವಾ ಇಂಥ ಬಣ್ಣ?"

"ಬಿಸ್ಲು ಜಾಸ್ತಿ ಆಯ್ತಾ? ಈ ಕಡೆ ನೆರಳಿಗೆ ಬಾ."

ಸಪ್ಪಲಮ್ಮ ಎರಡು ಹೆಜ್ಜೆ ಹಿಂದೆ ಬಿಸಿಲಲ್ಲೇ ನಡೆಯುತ್ತಿದ್ದಳು.

'ಸತ್ತೋರ ಜೊತೆ ಇಷ್ಟೊಂದು ಮಾತು. ಬದುಕಿರೋಳ ಜೊತೆ ಒಂದೂ ಇಲ್ಲ. ಇವರ ಮನಸ್ಸಲ್ಲಿ ಎಷ್ಟು ಪ್ರೀತಿ ಐತೆ ಅಂತ ನಾನು ಹೋಗೋ ದಿನವೇ ಗೊತ್ತಾಗ್ಬೇಕಾ...'

ರಂಗನಾಥನ ಗುಡಿಗೆ ಬೂದಿ ಒಯ್ಯುವ ಹಾಗಿಲ್ಲ. ಡಬ್ಬ ಇಟ್ಟುಕೊಂಡು ಅವಳು ಹೊರಗೆ ಕೂತಳು. ಒಳಗೆ ಹೋಗಿ ಬಂದ ಗಂಗಣ್ಣನ ಕೈಯಲ್ಲಿ ಒಂದು ಹಳದಿ ಸೇವಂತಿಗೆ. ಅವನು ಅವಳ ಮುಂದೆ ನಿಂತ. ಕೈ ಅವಳ ಜಡೆಯ ತನಕ ಬಂತು. ಕೆಳಗಿಳಿದು ಡಬ್ಬದ ಮುಚ್ಚಳದ ಮೇಲೆ ಹೂವಿಟ್ಟಿತು.

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುವುದಕ್ಕೂ ತನಗೆ ಹಕ್ಕಿಲ್ಲ ಎನ್ನಿಸಿತು.

ಹೊತ್ತು ಇಳಿಯುವ ಹೊತ್ತಿಗೆ ಸಂಗಮ. ಒಡೆದ ಹೊಳೆ ಅಲ್ಲಿ ಮತ್ತೆ ಒಂದಾಗುತ್ತಿತ್ತು. ಸಪ್ಪಲಮ್ಮ ಮೊಣಕಾಲುದ್ದದ ನೀರಿಗಿಳಿದು ಕೈಚಾಚಿದಳು.

"ಕೊಡಿ. ಹೊತ್ತಾಯ್ತು."

ಅವನು ಕೊಡಲಿಲ್ಲ. "ಇನ್ನೊಂದು ಜಾಗ ಉಳ್ದೈತೆ. ಗುಂಬಜ್."

"ಎರಡು ಸಲ ನೋಡಿದ್ವಿ."

"ಮೂರ್ನೇ ಸಲ ನೋಡನ."

"ಎಷ್ಟು ನೋಡಿದ್ರೂ ಒಂದೇ ಗುಂಬಜ್ಜು. ಕೊಡಿ..."

ಅವನ ಕೈಯಿಂದ ಅವಳೇ ಡಬ್ಬ ಕಿತ್ತುಕೊಂಡಳು. ಹೂವನ್ನು ಅವನ ಅಂಗೈಗೆ ಹಾಕಿ ಮುಚ್ಚಳ ತೆಗೆದಳು.

ಬೂದಿಯ ಮೇಲೆ ಗುಲಾಬಿ ಬಣ್ಣದ ರೇಷ್ಮೆ ಎಳೆಯ ತುಣುಕುಗಳು. ಹೋದ ತಿಂಗಳು ತಾನೇ ಕೆಚ್ಚಿದ ಹಾಸಿನವು.

"ಅಯ್ಯೋ... ಇದು ನನ್ನ ಡಬ್ಬ. ನಾನು ಯಾವುದನ್ನ ಎತ್ಕೊಂಡ್ ಬಂದೆ..."

"ನೀನಲ್ಲ." ಗಂಗಣ್ಣ ಹೂವನ್ನು ಮುಷ್ಟಿಯಲ್ಲಿ ಅದುಮಿಕೊಂಡ. "ಹೊರಡೋ ಹಿಂದಿನ ದಿನ ಬೆಳಿಗ್ಗೆ ನಾನೇ ಜಾಗ ಬದಲಾಯ್ಸಿಟ್ಟೆ. ಅವ್ವನ್ನ ನೀರಿಗೆ ಬಿಟ್ರೆ ನೀನು ಹೋಗ್ತೀನಿ ಅಂದಿದ್ಯಲ್ಲ. ಬಿಡ್ದಿದ್ರೆ ಹೋಗೋಕಾಗಲ್ಲ ಅಂದ್ಕೊಂಡೆ."

ಅವಳಿಗೆ ಅವನ ಮಾತಿನ ಸಿಹಿ ಕೇಳಿಸಲಿಲ್ಲ. ಮುಖ ಬಿಳುಪೇರಿತ್ತು.

"ಹಿಂದಿನ ದಿನ ಬೆಳಿಗ್ಗೇನಾ?"

"ಹೂಂ."

"ಅವತ್ತು ಮಧ್ಯಾಹ್ನ ಮಗ್ಗದ ಪಾಪಯ್ಯಣ್ಣ ಬಂದಿದ್ರು. ಹಾಸು ನಿಂತೋಗೈತೆ, ಕೆಚ್ಚಿಕೊಟ್ಟು ಹೋಗಮ್ಮ ಅಂತ."

"ಕೆಲ್ಸಕ್ಕೆ ಹೋಗಲ್ಲ ಅಂದಿದ್ದೆ ನೀನು..."

"ಗೋಗರೆದ್ರು. ಹೋದೆ." ಅವಳು ಡಬ್ಬ ಅಪ್ಪಿಕೊಂಡು ನೀರಿನಲ್ಲೇ ಕೂತಳು. "ನನ್ನ ಜಾಗದಲ್ಲಿದ್ದ ಡಬ್ಬ ಎತ್ಕೊಂಡೆ. ಬೂದಿ ಕಮ್ಮಿ ಇತ್ತು. ತಳ ಕೆರೆದು ಅಷ್ಟೂ... ಅತ್ತೇನ ನಾನು ಬೆರಳಿಗೆ ಮೆತ್ಕೊಂಡ್ಬಿಟ್ಟೆ. ಮೂರು ಸಾವಿರದ ಆರುನೂರು ಎಳೆಗೆ..."

ಗಂಗಣ್ಣ ನೀರಿಗೆ ಬಂದು ಅವಳ ಪಕ್ಕದಲ್ಲೇ ಕೂತ. ತಾಯಿಯನ್ನು ಎರಡನೇ ಸಲ ಕಳೆದುಕೊಂಡವನ ಮುಖ. ಎದೆಯಿಂದ ಬಂದ ಅಳು ಅವನು ತಡೆದರೂ ನಿಲ್ಲಲಿಲ್ಲ. ಸಾವಿನ ದಿನ ಅಳದವನು, ತಾಳಿ ಕಟ್ಟುವಾಗ ಅಳದವನು, ಈಗ ಸೊಂಟದುದ್ದ ನೀರಲ್ಲಿ ಕೂತು ಮಗುವಿನ ಹಾಗೆ ಅತ್ತ.

"ಬೈದ್ಬಿಡಿ. ಹೊಡೀರಿ ಬೇಕಾದ್ರೆ," ಎಂದಳು ಅವಳು.

"ತಪ್ಪು ಮಾಡಿದ್ದು ನಾನು. ಅವ್ವಂಗೊಂದು ಮಾತು ಕೊಟ್ಟಿದ್ದೆ. ನಿನ್ನ ಮೇಲಿನ ಆಸೆಗೆ ಅದನ್ನೂ ಕೆಡಿಸ್ಕೊಂಡೆ."

'ನಿನ್ನ ಮೇಲಿನ ಆಸೆಗೆ...' ಆ ಮಾತು ತಡವಾಗಿ, ಬಲು ತಡವಾಗಿ ಅವಳೊಳಗೆ ಇಳಿಯಿತು.

"ಒಂದು ವಿಷ್ಯ," ಅವಳು ಮೂಗು ಒರೆಸಿಕೊಂಡಳು. "ಅವತ್ತು ಒಂದೆಳೆಯೂ ಬಿಚ್ಲಿಲ್ಲ. ಯಾವತ್ತೂ ಹತ್ತಿಪ್ಪತ್ತಾದ್ರೂ ಬಿಚ್ಕೊಳ್ತವೆ. ಹಾಸು ಮುಂದಕ್ಕೆ ಎಳೆದಾಗ ಪಾಪಯ್ಯಣ್ಣ ಅಂದ್ರು, 'ಏನಮ್ಮ, ನಿಮ್ಮತ್ತೆ ಕೈ ಬಂದೈತಲ್ಲ ನಿಂಗೆ' ಅಂತ."

ಗಂಗಣ್ಣ ಅಳು ನಿಲ್ಲಿಸಿ ಅವಳನ್ನು ನೋಡಿದ. ಈ ಸಲ ಮುಖ ತಿರುಗಿಸಲಿಲ್ಲ.

"ಅವ್ವನ ಬೂದಿ ಹತ್ತಿರೋ ಆ ಕೆಚ್ಚಿದ ತುಂಡು ಏನಾಯ್ತದೆ?"

"ಸೀರೆ ಮುಗಿಯೋವರ್ಗೂ ಮಗ್ಗದಲ್ಲೇ ಇರ್ತದೆ. ಇಳಿಸೋವಾಗ ಕತ್ತರಿಸಿ ಬಿಸಾಕ್ತಾರೆ. ಸೀರೆಯಷ್ಟು ಅಗಲ, ಒಂದು ಗೇಣು ಉದ್ದ."

"ಸೀರೆ ಮುಗಿಯೋಕೆ?"

"ಹತ್ತು ದಿನ. ಐದು ಕಳೀತು."

"ನಾಲ್ಕು ದಿನದಲ್ಲಿ ಊರು ಸೇರ್ಬೋದು. ಟೈರ್ ಒಡೀದಿದ್ರೆ."

"ಪಾಪಯ್ಯಣ್ಣನ ಕೈ ಬಲು ಜೋರು. ಅಷ್ಟರಲ್ಲೇ ಇಳಿಸಿ ಬಿಸಾಕಿದ್ರೆ?"

ಕತ್ತಲಾಗುವ ಮುಂಚೆ ಹೊರಟರೆ ಒಂದಷ್ಟು ದಾರಿ ಸಾಗೀತು, ಅಷ್ಟೇ. ಅವನು ಎದ್ದು ಕೈ ಕೊಟ್ಟ. ಅವಳು ಹಿಡಿದುಕೊಂಡು ಎದ್ದಳು. ಇಬ್ಬರ ಬಟ್ಟೆಯಿಂದಲೂ ಕಾವೇರಿ ತೊಟ್ಟಿಕ್ಕುತ್ತಿದ್ದಳು.

"ತುಂಡು ಸಿಕ್ರೆ ಮತ್ತೆ ಇಲ್ಲಿಗೇ ಬರ್ಬೇಕು. ಸೈಕಲ್ ಮೇಲೇನೆ," ಎಂದಳು.

"ಬರನ."

"ಮತ್ತೆ ಊರೆಲ್ಲ ತೋರಿಸ್ಬೇಕು. ಇವತ್ತು ಅತ್ತೆ ಏನೂ ನೋಡ್ಲಿಲ್ವಲ್ಲ."

"ಹೂಂ."

ಅವಳ ಹೆಜ್ಜೆ ನಿಂತಿತು. ಇವತ್ತೆಲ್ಲ ಡಬ್ಬದಲ್ಲಿ ಅತ್ತೆ ಇರಲಿಲ್ಲ. ಇವರಿಗೆ ಅದು ಗೊತ್ತಿತ್ತು. ಹಾಗಾದರೆ...

"ನೆರಳಿಗೆ ಬಾ ಅಂದ್ರಲ್ಲ. ಬಣ್ಣ ಇಷ್ಟ ಅಲ್ವಾ ಅಂದ್ರಲ್ಲ. ಯಾರಿಗೆ ಹೇಳಿದ್ದು ಅದೆಲ್ಲ?"

ಗಂಗಣ್ಣ ಸೈಕಲ್ಲಿನ ಬೆಲ್ಲನ್ನು ಸುಮ್ಮನೆ ಒರೆಸಿದ.

"ಡಬ್ಬ ನಿಂದಲ್ವಾ?"

ಅವಳು ಕೈಯಲ್ಲಿದ್ದ ಡಬ್ಬವನ್ನು ತಿರುಗಿಸಿ ನೋಡಿದಳು.

"ನಿನ್ನ ಬೆರಳು ದಿನಾ ಮುಟ್ಟೋ ಬೂದಿ," ಅವನು ಅವಳ ಕಡೆ ನೋಡದೆ ಹೇಳಿದ. "ನಿನ್ನ ಎದುರಿಗೆ ಬಾಯಿ ಬರಲ್ಲ ನಂಗೆ. ಅದರ ಹತ್ರ ಬಂತು."

ಅವನ ಮುಷ್ಟಿಯಲ್ಲಿ ಸೇವಂತಿಗೆ ಒದ್ದೆಯಾಗಿ ನಲುಗಿಹೋಗಿತ್ತು, ಅರ್ಧ ಎಸಳು ಉದುರಿತ್ತು. ಉಳಿದ ಹೂವನ್ನು ಅವಳ ಜಡೆಗೆ ಸಿಕ್ಕಿಸಿದ. ಸಿಕ್ಕಿಸಿದ್ದು ಸೊಟ್ಟಗಾಯಿತು. ಅವಳು ಸರಿಮಾಡಿಕೊಳ್ಳಲಿಲ್ಲ.

ಕ್ಯಾರಿಯರ್ ಮೇಲೆ ಕೂತಳು. ಸೈಕಲ್ ಹೊರಟಿತು. ಸೇತುವೆ ಬಂತು.

"ಮಂಡ್ಯದಲ್ಲಿ..." ಗಂಗಣ್ಣ ಪೆಡಲು ನಿಧಾನ ಮಾಡಿದ. "ಮಂಡ್ಯದಲ್ಲಿ ನಿಲ್ಲಿಸ್ಬೇಕಾ?"

ಸಪ್ಪಲಮ್ಮ ಸೀಟಿನ ಸ್ಪ್ರಿಂಗ್ ಬಿಟ್ಟಳು. ಸ್ಪ್ರಿಂಗಿನ ಗುರುತು ಮೂಡಿದ ಬೆರಳುಗಳಿಂದ ಅವನ ಒದ್ದೆ ಅಂಗಿಯನ್ನು ಗಟ್ಟಿಯಾಗಿ ಹಿಡಿದು, ಬೆನ್ನಿಗೆ ಹಣೆ ಒತ್ತಿದಳು.

"ನಿಲ್ಲಿಸ್ಬೇಡಿ. ಅತ್ತೆ ಕಾಯ್ತಾವ್ರೆ."