ಬೇಗೂರಿನಲ್ಲಿ ಬೇಯದ ಇಡ್ಲಿ

ಇಡ್ಲಿ ಬೆಂದಿರಲಿಲ್ಲ.

ಮೈಸೂರು ಬಸ್ಸಿಗೆ ಕಾಯುತ್ತಿದ್ದ ಮೇಷ್ಟ್ರೊಬ್ಬರು ಒಂದು ತುತ್ತು ಬಾಯಿಗಿಟ್ಟರು. ಮುಖ ಕಿವುಚಿ ಎಲೆ ಮಡಚಿದರು. ಪಕ್ಕದವರೂ ಮಡಚಿದರು. ಬೇಗೂರು ಬಸ್‌ಸ್ಟಾಪಿನ ಪುಟ್ಟಮಾದಮ್ಮನ ಇಡ್ಲಿಗೆ ಇಂಥ ಅವಮಾನ ಹಿಂದೆಂದೂ ಆಗಿರಲಿಲ್ಲ. ಆಕೆ ಕುಕ್ಕೆ ಕೆಳಗಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದ ಸುಧಾಕರನ ತೋಳು ಹಿಡಿದು, ನಾಲ್ಕು ಜನರೆದುರೇ ಪೊಲೀಸ್ ಸ್ಟೇಷನ್ನಿಗೆ ಎಳೆದುಕೊಂಡು ಹೋದಳು.

ಅದು ಎರಡು ಸಾವಿರದ ಎಂಟನೇ ಇಸವಿ. ಸುಧಾಕರ ಹೊಸದಾಗಿ ಬಂದ ಪೆಲೆಟ್ ಒಲೆ ಮಾರುವವನು. ಕಡಲೆಕಾಯಿ ಸಿಪ್ಪೆ, ಕಬ್ಬಿನ ಸಿಪ್ಪೆ ಒತ್ತಿ ಮಾಡಿದ ಗುಳಿಗೆಗಳೇ ಪೆಲೆಟ್. ಅವನ್ನು ಉಕ್ಕಿನ ಒಲೆಗೆ ತುಂಬಿ ಹಚ್ಚಿದರೆ ತಳದಲ್ಲಿರುವ ಪುಟ್ಟ ಫ್ಯಾನು ಗಾಳಿ ಊದುತ್ತದೆ, ಹೊಗೆಯಿಲ್ಲದೆ ಉರಿ ಏಳುತ್ತದೆ. ಏಳಬೇಕು.

"ಒಳ್ಳೆ ಪೆಲೆಟ್ ತೋರ್ಸಿ ಒಲೆ ಮಾರ್ಬುಟ್ಟ. ಆಮೇಲೆ ಕಲಬೆರಕೆ ಮೂಟೆ ತಂದಾಕ್ದ. ಉರಿ ಮಿಣಮಿಣ ಅಂತದ," ಎಂದಳು ಪುಟ್ಟಮಾದಮ್ಮ.

ಎಸ್‌ಐ ಸಾಹೇಬರು ದಫೇದಾರ್ ಸೋಮಮ್ಮನ ಕಡೆ ತಿರುಗಿದರು. "ನಾಳೆಯೊಳಗೆ ವಿಚಾರಿಸಮ್ಮ. ನಿಜ ಆದ್ರೆ ಕೇಸ್ ಹಾಕೋಣ."

ಸುಧಾಕರನ ಮುಖ ಬಿಳಿಚಿಕೊಂಡಿತು. "ಏಜೆನ್ಸಿ ಓದ್ರೆ ಓಗ್ಲಿ ಮೇಡಂ. ಹುಟ್ಟಿದ ಊರಲ್ಲಿ ಮೋಸಗಾರ ಅನ್ನಿಸ್ಕೊಂಡು ಎಂಗೆ ತಲೆ ಎತ್ಲಿ?" ಎಂದ. ಕಣ್ಣು ತುಂಬಿತ್ತು.

ಅಳುವ ಗಂಡಸನ್ನು ನಂಬಬೇಡ ಎಂಬ ಗಾದೆ ಸೋಮಮ್ಮನಿಗೂ ಗೊತ್ತು. ಗಾದೆಯ ಮೇಲೆ ಕೇಸು ನಿಲ್ಲುವುದಿಲ್ಲ ಎಂಬುದೂ ಗೊತ್ತು.

* * *

ಪುಟ್ಟಮಾದಮ್ಮ ಒಲೆಯನ್ನು ಚೆನ್ನಾಗಿ ತೊಳೆದು ಜಗಲಿಗೆ ತಂದಿಟ್ಟಳು. ಅಡುಗೆಮನೆಗೆ ಪರಗಂಡಸರನ್ನು ಬಿಡುವ ವಾಡಿಕೆ ಆ ಮನೆಯಲ್ಲಿಲ್ಲ. ಸುಧಾಕರ ಬಂದಾಗಲೆಲ್ಲ ಹೀಗೇ ಆಗುತ್ತಿತ್ತು. ಪುಟ್ಟಮಾದಮ್ಮನ ಅತ್ತೆ ದೊಡ್ಡಮಲ್ಲಮ್ಮ ಹೊಸಿಲ ಬಳಿ ಕೂತು, ತುಟಿ ಬಿಗಿದು ನೋಡುತ್ತಿದ್ದಳು.

ಸೋಮಮ್ಮ ಅನುಮಾನದ ಮೂಟೆಯಿಂದಲೇ ಪೆಲೆಟ್ ತೆಗೆದು ತುಂಬಿಸಿದಳು. ಹಚ್ಚಿಸಿದಳು. ಉರಿ ಭರ್ರನೆ ಎದ್ದಿತು.

"ನೋಡಿ ಮೇಡಂ," ಎಂದ ಸುಧಾಕರ. ಅವನಿಗೆ ಹೋದ ಜೀವ ಬಂದಂತಾಗಿತ್ತು.

"ಇವ್ನು ಬಂದಾಗ್ಲೆಲ್ಲ ಇಂಗೇ ಉರಿತದ. ಮಾರ್ನೆ ದಿನ ಬೆಳಿಗ್ಗೆ ಸತ್ತೋಯ್ತದ. ಇಷ್ಟ್ ದಿನ ತಡ ಆದ್ರೂ ಎಂಗೋ ಬೇಯುಸ್ತಿದ್ದೆ, ಇವತ್ತು ಬೇಯ್ಲೇ ಇಲ್ಲ," ಎಂದಳು ಪುಟ್ಟಮಾದಮ್ಮ.

"ಬ್ಯಾಟ್ರಿ ಚಾರ್ಜು?"

"ದಿನಾ ಹಾಕ್ತೀನಿ. ಫ್ಯಾನು ಗುಯ್ ಅಂತನೇ ಇರ್ತದ."

"ಒಂದು ದಿನಾನೂ ಬೆಳಿಗ್ಗೆ ಸರಿಯಾಗಿ ಉರಿದೇ ಇಲ್ವಾ?"

ಪುಟ್ಟಮಾದಮ್ಮ ಯೋಚಿಸಿದಳು. "ಅತ್ತೆಮ್ಮ ಕುದೇರಿಗೆ ಮಗಳ ಮನೆಗೆ ಓಗಿದ್ರಲ್ಲ, ಆಗ ಚೆನ್ನಾಗಿತ್ತು."

ಸೋಮಮ್ಮ ಹೊಸಿಲ ಕಡೆ ನೋಡಿದಳು. ದೊಡ್ಡಮಲ್ಲಮ್ಮ ಎದ್ದು ಒಳಗೆ ಹೋದಳು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಹಳೇ ಒಲೆ ಕೆಡವಿ ಸೊಸೆ ಹೊಸದು ತಂದದ್ದು ಮುದುಕಿಗೆ ಸೇರಿಲ್ಲ, ಯಾರೂ ಇಲ್ಲದಾಗ ಏನೋ ಕಿತಾಪತಿ ಮಾಡುತ್ತಿದ್ದಾಳೆ. ದಾರಿಯುದ್ದಕ್ಕೂ ಸೋಮಮ್ಮ ಹೀಗೆಂದೇ ಲೆಕ್ಕ ಹಾಕಿದಳು. ಆದರೂ ಹೊರಡುವಾಗಲೇ ಸುಧಾಕರನ ಚೀಲದಿಂದ ಒಂದಿಷ್ಟು ಒಳ್ಳೆಯ ಪೆಲೆಟ್ ಇಸಿದುಕೊಂಡಿದ್ದಳು. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡಬೇಕಲ್ಲ.

* * *

ಮರುದಿನ ಬೆಳಕು ಹರಿಯುವಾಗ ಸೋಮಮ್ಮ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೇ ನಡೆದಳು. ಹೆಂಗಸಿಗೆ ಅಲ್ಲಿ ತಡೆಯಿರಲಿಲ್ಲ. ಸುಧಾಕರ ಜಗಲಿಯಲ್ಲೇ ನಿಂತ.

ಒಲೆ ನೆಲದ ಮೇಲಿತ್ತು. ಸುತ್ತ ರಂಗೋಲಿ, ಮೇಲೆ ಅರಿಸಿನ ಕುಂಕುಮ, ಬುಡಕ್ಕೆಲ್ಲ ಸಗಣಿ ಸಾರಿಸಿತ್ತು. ಸೋಮಮ್ಮ ತಾನು ತಂದ ಪೆಲೆಟ್ ಹಾಕಿ ಹಚ್ಚಿಸಿದಳು. ಉರಿ ಮಿಣಮಿಣ ಎಂದಿತು. ಫ್ಯಾನು ಗುಯ್‌ಗುಡುತ್ತಲೇ ಇತ್ತು.

ಮೂಟೆಯ ಪೆಲೆಟ್ ಹೊರಗೆ ಭರ್ರೆಂದಿತ್ತು. ಸುಧಾಕರನ ಒಳ್ಳೆಯ ಪೆಲೆಟ್ ಒಳಗೆ ಸಾಯುತ್ತಿದೆ. ಅಂದರೆ ತಪ್ಪು ಪೆಲೆಟ್ಟಿನದಲ್ಲ. ಫ್ಯಾನು ತಿರುಗುತ್ತಿದೆ, ಗಾಳಿ ಮಾತ್ರ ಇಲ್ಲ.

"ಸುಧಾಕರ, ಫ್ಯಾನಿಗೆ ಗಾಳಿ ಎಲ್ಲಿಂದ ಬರ್ತದೆ?" ಎಂದು ಕೂಗಿ ಕೇಳಿದಳು.

"ಬುಡದಲ್ಲಿ ಸುತ್ತ ಕಂಡಿ ಅವೆ ಮೇಡಂ."

ಸೋಮಮ್ಮ ಬುಡ ನೋಡಿದಳು. ಕಂಡಿಗಳೇ ಕಾಣಲಿಲ್ಲ. ಸೌಟಿನ ಹಿಡಿಯಿಂದ ಕೆರೆದಳು. ಹಸಿ ಸಗಣಿ ಉದುರಿತು, ಅದರ ಹಿಂದೆ ಸಾಲು ಕಂಡಿಗಳು. ಒಂದೊಂದು ತೆರೆದಂತೆಲ್ಲ ಉರಿ ಏರುತ್ತಾ ಹೋಗಿ ಮೇಲಿಟ್ಟ ಇಡ್ಲಿ ಪಾತ್ರೆಯ ತಳ ಮುಟ್ಟಿತು.

"ಯಾರು ಸಾರ್ಸಿದ್ದು?"

"ನಾನೇ ಕಣವ್ವ," ಎಂದಳು ದೊಡ್ಡಮಲ್ಲಮ್ಮ. "ದಿನಾ ಎದ್ದೇಟ್ಗೆ ಸಾರುಸ್ತೀನಿ. ಒಲೆ ಅಂದ್ಮೇಲೆ ಸಾರುಸ್ದೆ ಬುಡಕ್ಕಾದದ?"

"ಹೊಸ ಒಲೆ ಮೇಲೆ ಸಿಟ್ಟಾ ಅಜ್ಜಿ?"

ಮುದುಕಿ ದಂಗಾದಳು. "ಸಿಟ್ಟಾ? ಮದ್ವೆಯಾಗಿ ಬಂದಾಗ್ಲಿಂದ ಒಗೆ ಕುಡ್ದು ಕಣ್ಣು ಕೆಂಡ ಆಗಿದ್ವು ಕಣವ್ವ. ಈ ಒಲೆ ಬಂದ್ಮೇಲೆ ಕಣ್ಣುರಿ ನಿಂತದ, ಕೆಮ್ಲು ನಿಂತದ. ಹಳೇ ಒಲೆಗೆ ಒಂದು ಸುತ್ತು ಸಾರುಸ್ತಿದ್ದೆ. ಈ ತಾಯ್ಗೆ ಮೂರು ಸುತ್ತು ಸಾರುಸ್ತೀನಿ. ಇನ್ನೇನ್ ಕೊಡ್ಲಿ ನಾನು?"

ಮುದುಕಿಯನ್ನು ಕಳ್ಳಿ ಮಾಡಿದ್ದಕ್ಕೆ ಸೋಮಮ್ಮನಿಗೆ ನಾಚಿಕೆಯಾಯಿತು. ಸೊಸೆ ದಿನಾ ಆ ಸಗಣಿ ನೋಡಿದ್ದಳು. ಆದರೆ ಸಾರಿಸಿದ ಒಲೆಯಲ್ಲಿ ತಪ್ಪು ಹುಡುಕುವುದು ಯಾರಿಗೆ ಹೊಳೆದೀತು? ಹೊರಗೆ ತರುವಾಗ ತೊಳೆಯುತ್ತಿದ್ದಳು, ಕಂಡಿ ತೆರೆದುಕೊಳ್ಳುತ್ತಿತ್ತು. ಅತ್ತೆ ಕುದೇರಿಗೆ ಹೋದಾಗ ಸಾರಿಸುವವರೇ ಇರಲಿಲ್ಲ. ಸೋಮಮ್ಮ ಇದನ್ನೆಲ್ಲ ಬಿಡಿಸಿ ಹೇಳಿದಳು.

ಸುಧಾಕರ ಜಗಲಿಯಿಂದಲೇ ಹೇಳಿದ, "ಕಂಡಿಗೆ ಬಟ್ಟೆ ಮುಚ್ಬೇಡಿ, ಇಟ್ಗೆ ಒತ್ತರ್ಸ್ಬೇಡಿ ಅಂದಿದ್ದೆ ಮೇಡಂ. ಸಗಣಿ ಅಂತ ನನ್ಗೂ ಒಳೀಲಿಲ್ಲ. ನಮ್ಮವ್ವನೂ ದಿನಾ ಸಾರುಸ್ತಾಳೆ."

ದೊಡ್ಡಮಲ್ಲಮ್ಮ ಸೊಸೆಯನ್ನು ನೋಡಿದಳು. "ಇವನ್ನ ಎಲ್ಲಾರ ಮುಂದೆ ಎಳ್ಕೊಂಡೋದ್ಯೇನಮ್ಮಿ?"

ಪುಟ್ಟಮಾದಮ್ಮ ತಲೆ ತಗ್ಗಿಸಿದಳು.

"ಅಂಗಾದ್ರೆ ಎಲ್ಲಾರ ಮುಂದೇನೇ ಓಗನ ನಡಿ."

* * *

ಬಸ್‌ಸ್ಟಾಪಿನಲ್ಲಿ ನಿನ್ನೆಯ ಮುಖಗಳೇ ಇದ್ದವು. ಸುಧಾಕರನನ್ನು ಕಂಡು ಪಿಸುಗುಟ್ಟಿದವು. ಎಂದೂ ಬೀದಿಗೆ ಬಂದು ಬಡಿಸದ ದೊಡ್ಡಮಲ್ಲಮ್ಮ ಅಂದು ಅವನನ್ನು ಬೆಂಚಿನ ನಡುವೆ ಕೂರಿಸಿ, ಮೊದಲ ಎಲೆ ಅವನ ಮುಂದಿಟ್ಟಳು. ಆವಿಯಾಡುವ ಇಡ್ಲಿ ಹಾಕಿದಳು.

"ಎಲ್ಲಾರೂ ಕೇಳ್ಕಳಿ," ಎಂದಳು. "ಇವ್ನು ಮೋಸಗಾರ ಅಲ್ಲ. ಒಲೆ ಕೆಡ್ಸಿದ್ದು ನಾನು. ಇವ್ನು ನನ್ ಕಣ್ಣು ಉಳ್ಸಿದ ಮಗ."

ಸುಧಾಕರ ಇಡ್ಲಿ ಮುರಿದು ಬಾಯಿಗಿಟ್ಟ. ನಿನ್ನೆ ಎಲೆ ಮಡಚಿದ್ದ ಮೇಷ್ಟ್ರು ತಾವಾಗಿ ಬಂದು ಅವನ ಪಕ್ಕದಲ್ಲಿ ಕೂತರು.

"ನನಗೂ ಒಂದೆಲೆ ಹಾಕಮ್ಮ," ಎಂದರು.